ಹವಾ ಹಾಕಿದ ಪಂಪೇ ಹವಾ ತೆಗೆದರೆ? ಎರಡು ವರ್ಷ ಬಳಸಿದ ಮೇಲೆ

ಸೈಕಲ್ ಸೀಟಿನ ಕೆಳಗೆ ಕಟ್ಟುವ ಪುಟ್ಟ ಚೀಲ, ಅದರೊಳಗಿನ ಸಾಮಾನು, ಫ್ರೇಮಿಗೆ ಸಿಕ್ಕಿಸುವ ಕೈಪಂಪು. ಮೂರನ್ನೂ ಒಟ್ಟಿಗೆ ಕೊಂಡು ಎರಡು ವರ್ಷ ಆಯಿತು. ಚೀಲದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಹರಿದಿಲ್ಲ, ಅಲುಗಾಡುವುದಿಲ್ಲ. ಬರೆಯಲು ಕೂತಿದ್ದು ಪಂಪಿನ ಮೇಲಿನ ಸಿಟ್ಟಿಗೆ.

ಕಲಬುರಗಿಯಲ್ಲಿ ಸೈಕಲ್ ಹೊಡೆಯುವವರಿಗೆ ಪಂಕ್ಚರ್ ಹೊಸದಲ್ಲ. ರಸ್ತೆ ಬದಿಗೆ ಜಾಲಿ, ನೆಲದ ಮೇಲೆ ನೆಗ್ಗಿಲು ಮುಳ್ಳು. ಎದುರಿಗೆ ಲಾರಿ ಬಂತು ಅಂತ ಡಾಂಬರು ಬಿಟ್ಟು ಎರಡಡಿ ಕೆಳಗಿಳಿದರೆ ಮುಗೀತು. ಬೇಸಿಗೆಯಲ್ಲಿ ನಸುಕಿನ ಐದಕ್ಕೆ ಹೊರಟು ಎಂಟರೊಳಗೆ ಮನೆ ಸೇರುತ್ತೇನೆ. ಮೇ ತಿಂಗಳಲ್ಲಿ 42 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಆ ಬಿಸಿಲಿಗೆ ಸಿಕ್ಕು ನೆರಳಿಲ್ಲದ ಕಡೆ ಚಕ್ರ ಬಿಚ್ಚಿಕೊಂಡು ಕೂರುವುದು ಯಾರಿಗೂ ಬೇಡ.

ನನಗೆ ಹಾಗೇ ಆಯಿತು. ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ ಕ್ರಾಸ್ ದಾಟಿ ಸ್ವಲ್ಪ ದೂರ ಹೋಗಿದ್ದೆ. ಹಿಂದಿನ ಗಾಲಿ ಕೂತಿತು. ಹೊಸ ಟ್ಯೂಬ್ ಹಾಕಿದೆ, ಪಂಪಿನ ರಬ್ಬರ್ ನಳಿಕೆಯನ್ನು ವಾಲ್ವಿಗೆ ತಿರುಗಿಸಿ ಕೂರಿಸಿದೆ, ಹೊಡೆಯತೊಡಗಿದೆ. ಎಣಿಸುವ ಚಟ ನನಗೆ. 220 ಹೊಡೆತಕ್ಕೆ ಟೈರ್ ಗಟ್ಟಿಯಾಯಿತು. ಖುಷಿಯಿಂದ ನಳಿಕೆ ತಿರುಗಿಸಿ ಬಿಚ್ಚಿದರೆ ಫುಸ್! ಕೈಯಲ್ಲಿ ನಳಿಕೆ, ಅದರ ಬಾಯಲ್ಲಿ ವಾಲ್ವಿನ ಪಿನ್. ಟೈರ್ ಮತ್ತೆ ಚಪ್ಪಟೆ. ಪಿನ್ ಬೆರಳಲ್ಲೇ ಕೂರಿಸಿ ಮತ್ತೆ 220. ಮತ್ತೆ ಫುಸ್.

ಕಾರಣ ಸರಳ. ರೋಡ್ ಸೈಕಲ್ಲಿನ ಸಣ್ಣ ಬಾಯಿಯ ವಾಲ್ವಿದೆಯಲ್ಲ, ಪ್ರೆಸ್ಟಾ ಅನ್ನುತ್ತಾರೆ, ಅದರಲ್ಲಿ ಕೆಲವಕ್ಕೆ ಪಿನ್ ಬಿಚ್ಚಲು ಬರುತ್ತದೆ. ಆ ಪಿನ್ನಿಗೂ ತಿರುಪು, ಪಂಪಿನ ನಳಿಕೆಗೂ ತಿರುಪು, ಎರಡೂ ಬಿಚ್ಚುವುದು ಒಂದೇ ದಿಕ್ಕಿಗೆ. ಯಾವುದು ಸಡಿಲವೋ ಅದು ಮೊದಲು ಕಳಚುತ್ತದೆ. ನಳಿಕೆಯ ಬಾಯಿಗೆ ಧೂಳು ಸೇರಿ ಬಿಗಿಯಾಗಿದ್ದರೆ ಪಿನ್ನೇ ಎದ್ದು ಬರುತ್ತದೆ. 1,450 ರೂಪಾಯಿ ತೆಗೆದುಕೊಂಡವರು ಡಬ್ಬಿಯ ಮೇಲೆ ಇದೊಂದು ಸಾಲು ಬರೆಯಬಾರದಿತ್ತಾ?

ಸೈಕಲ್ ತಳ್ಳಿಕೊಂಡು ಕ್ರಾಸಿಗೆ ವಾಪಸ್ ಬಂದೆ. ಪಂಕ್ಚರ್ ಅಂಗಡಿ ಚಾಚಾ ಕಂಪ್ರೆಸರ್ ಪೈಪ್ ಹಿಡಿದು ನೋಡಿ, "ಇದರ ಬಾಯಿ ಬ್ಯಾರೆ ಅದರಿ ಸರ, ನಮ್ಮ ಹವಾ ಇದಕ್ಕ ಕೂಡಂಗಿಲ್ಲ" ಅಂದರು. ನಾನು ಪಿನ್ ತೋರಿಸಿದೆ. ಪಕ್ಕಡ್, ಅಂದರೆ ಇಕ್ಕಳ, ತಗೊಂಡು ಒಂದೇ ಒಂದು ತಿರುವು ಕೊಟ್ಟರು. "ಈಗ ಹೊಡೀರಿ." ಹೊಡೆದೆ, ಬಿಚ್ಚಿದೆ, ಹವಾ ಹಾಗೇ ನಿಂತಿತು. ಹತ್ತು ರೂಪಾಯಿ ತಗೊಂಡು ಪಂಪಿನ ಬೆಲೆ ಕೇಳಿದರು. ಹೇಳಿದೆ. "ಅಷ್ಟಕ್ಕ ನಾ ಎರಡು ನೆಲದ ಪಂಪು ಕೊಡ್ತಿದ್ನಲ್ರಿ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ಪಂಪನ್ನು ಎಸೆಯಬೇಕು ಅಂದುಕೊಂಡವನು ಎಸೆಯಲಿಲ್ಲ, ದುಡ್ಡು ಕೊಟ್ಟಿದ್ದೆನಲ್ಲ. ಸಣ್ಣ ಪಕ್ಕಡ್ ಒಂದು ಚೀಲ ಸೇರಿತು. ಸೈಕಲ್ ಅಂಗಡಿಯಲ್ಲಿ ಒಂದು ಹಿತ್ತಾಳೆ ಬಿರಡೆ ಸಿಕ್ಕಿತು. ಪ್ರೆಸ್ಟಾ ಮೇಲೆ ತಿರುಗಿಸಿದರೆ ಬೈಕಿನ ಹವಾ ಪೈಪ್ ಕೂರುತ್ತದೆ. ಅಂಗಿ ಗುಂಡಿಯಷ್ಟು ದೊಡ್ಡದು, 30 ರೂಪಾಯಿ. ಈಗ ಯಾವ ಪೆಟ್ರೋಲ್ ಬಂಕ್ ಆದರೂ ನನ್ನದೇ. ಈ ಎರಡು ವರ್ಷದಲ್ಲಿ ಅತಿ ಒಳ್ಳೆಯ ಖರೀದಿ ಯಾವುದು ಅಂದರೆ ಇದೇ.

ಶನಿವಾರ ರಾತ್ರಿ ಊಟ ಆದ ಮೇಲೆ ಹಳೆ ಟವೆಲ್ ಹಾಸಿ ಚೀಲ ಬರಿದು ಮಾಡುತ್ತೇನೆ. "ಹರವಿದ್ರಾ ಅಂಗಡಿ?" ಅನ್ನುತ್ತಾಳೆ ಹೆಂಡತಿ. ಮೊದಲು ಸ್ಪೇರ್ ಟ್ಯೂಬ್. ಮಗನ ಹಳೆ ಕಾಲುಚೀಲದೊಳಗೆ ಪೌಡರ್ ಉದುರಿಸಿ ಇಟ್ಟಿರುತ್ತೇನೆ. ಮೊದಲು ಸುಮ್ನೆ ಹಾಗೇ ಇಟ್ಟಿದ್ದೆ. ಬೋಲ್ಟ್ ತಿರುಗಿಸುವ ಅಲೆನ್ ಕೀ ಉಜ್ಜಿ ಉಜ್ಜಿ ಹೊಸ ಟ್ಯೂಬಿಗೇ ತೂತು ಬಿದ್ದಿತ್ತು, ಅದೂ ಬೇಕಾದ ದಿನವೇ ಗೊತ್ತಾಯಿತು. ಆಮೇಲೆ ಪ್ಯಾಚ್ ಅಂಟಿಸುವ ಸೊಲ್ಯೂಷನ್ ಟ್ಯೂಬನ್ನು ಒತ್ತಿ ನೋಡುವುದು. ಒಮ್ಮೆ ಬಾಯಿ ಒಡೆದರೆ ನಮ್ಮ ಸೆಕೆಗೆ ಬೇಗ ಒಣಗುತ್ತದೆ, ಹಾಗಾಗಿ ಸಣ್ಣವೇ ಎರಡು ಇಡುತ್ತೇನೆ. ಪಾಲಿಶ್ ಪೇಪರ್, ನಾಲ್ಕು ಪ್ಯಾಚ್, ಎರಡು ಪ್ಲಾಸ್ಟಿಕ್ ಲಿವರ್, 8 ಗೇರಿನ ಚೈನಿನ ಒಂದು ಜೋಡಿ ಲಿಂಕ್. ಮಡಚಿದ ಹತ್ತು ರೂಪಾಯಿ ನೋಟು ಚಹಾಕ್ಕಲ್ಲ. ಟೈರ್ ಸೀಳಿದರೆ ಟ್ಯೂಬ್ ಹೊರಗೆ ಉಬ್ಬದ ಹಾಗೆ ಒಳಗಿನಿಂದ ಇಡಲು. ನಮ್ಮ ನೋಟು ಹತ್ತಿಯದು, ತಡೆಯುತ್ತದೆ. ಕೊನೆಗೆ ಎರಡು ಓಆರ್‌ಎಸ್ ಪೊಟ್ಟಣ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಜೇಬಿನಲ್ಲಿ ತರುವ ಸಾಹಸ ಒಮ್ಮೆ ಮಾಡಿದ್ದೇನೆ, ಅದರ ಮಾತು ಬೇಡ.

ಟೈರಿನ ಹೆಸರು ಸರಿಯಾಗಿ ವಾಲ್ವಿನ ಎದುರಿಗೆ ಬರುವ ಹಾಗೆ ಕೂರಿಸುತ್ತೇನೆ. ಟ್ಯೂಬಿನಲ್ಲಿ ತೂತು ಸಿಕ್ಕರೆ ಟೈರಿನಲ್ಲಿ ಮುಳ್ಳು ಎಲ್ಲಿದೆ ಅಂತ ಅಳೆದು ಹುಡುಕಬಹುದು. ಮುರಿದ ಮುಳ್ಳಿನ ತುದಿ ಒಳಗೇ ಉಳಿದರೆ ಹೊಸ ಟ್ಯೂಬೂ ಹತ್ತು ನಿಮಿಷಕ್ಕೆ ಹೋಗುತ್ತದೆ.

ಹೀಗೆ ನೋಡಿಕೊಂಡ ಮೇಲೆ ಪಂಪು ಮತ್ತೆ ಕೈ ಕೊಟ್ಟಿಲ್ಲ. ಮಳೆಗಾಲದ ಎರೆ ಮಣ್ಣು ಮೆತ್ತಿದರೂ ತೊಳೆದು ಎರಡು ಹನಿ ಎಣ್ಣೆ ಬಿಟ್ಟರೆ ಹೊಸದರ ಹಾಗೇ ಹೊಡೆಯುತ್ತದೆ. ಹಾಗಂತ ಮೊದಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಐದು ಸ್ಟಾರಿಗೆ ಮೂರೂವರೆ.

ಕೊಳ್ಳುವ ಮುಂಚೆ ನಿಮ್ಮ ವಾಲ್ವಿನ ತುದಿ ನೋಡಿ. ಪಕ್ಕಡ್ ಹಿಡಿಯುವ ಹಾಗೆ ಎರಡು ಕಡೆ ಚಪ್ಪಟೆ ಇದ್ದರೆ ಪಿನ್ ಬಿಚ್ಚುವಂಥದ್ದು. ಮೊದಲೇ ಬಿಗಿ ಮಾಡಿಕೊಳ್ಳಿ, ಇಲ್ಲವೇ ಈ ಪಂಪು ಬಿಡಿ. ಮೊನ್ನೆ ಇದೇ ಪಂಪು 1,100ಕ್ಕೆ ಸಿಕ್ಕಿತು ಅಂತ ತಮ್ಮನಿಗೆ ಒಂದು ತರಿಸಿದೆ. ಅವನದ್ದು ಬೈಕ್ ವಾಲ್ವ್, ಪಿನ್ ಎದ್ದು ಬರುವ ಭಯ ಇಲ್ಲ.