ಬಳ್ಳಾರಿಯಲ್ಲಿ ಕುಳಿತು ದೋಣಿ ಓಡಿಸುವ ಕೆಲಸ: ಓಪನ್‌ಫೋಮ್ ಜೊತೆ ನಾಲ್ಕು ವರ್ಷ

"ಬಳ್ಳಾರಿಯಲ್ಲಿ ಹಡಗಿನ ಕೆಲಸವೇ?" ಎಂದು ಕೇಳದವರಿಲ್ಲ. ಸಮುದ್ರ ನೋಡಬೇಕೆಂದರೆ ರಾತ್ರಿ ಬಸ್ ಹತ್ತಬೇಕಾದ ಊರು ನಮ್ಮದು. ಹತ್ತಿರದ ದೊಡ್ಡ ನೀರೆಂದರೆ ತುಂಗಭದ್ರಾ ಜಲಾಶಯ. ಆದರೂ ಗಾಂಧಿನಗರದ ಮನೆಯ ಮಹಡಿ ಕೋಣೆಯಲ್ಲಿ 2021ರಿಂದ ನಾನು ಮಾಡುತ್ತಿರುವುದು ಅದನ್ನೇ. ಕರಾವಳಿಯಲ್ಲಿ ದೋಣಿ ಕಟ್ಟುವವರು ನಕ್ಷೆ ಕಳುಹಿಸುತ್ತಾರೆ. ಇಂಥ ವೇಗದಲ್ಲಿ ಓಡಿದರೆ ನೀರು ಎಷ್ಟು ತಡೆಯುತ್ತದೆ, ಯಾವ ಪ್ರೊಪೆಲರ್ ಹೊಂದುತ್ತದೆ ಎಂದು ಲೆಕ್ಕ ಹಾಕಿ ಕೊಡುತ್ತೇನೆ. ಇದಕ್ಕೆ ಬಳಸುವ ತಂತ್ರಾಂಶ ಓಪನ್‌ಫೋಮ್.

ಅಂಕ ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ತಡೆಯ ಲೆಕ್ಕಕ್ಕೆ ಐದರಲ್ಲಿ ನಾಲ್ಕೂವರೆ. ಪ್ರೊಪೆಲರ್‌ಗೆ ಮೂರು. ಹೊಸಬರ ಮೇಲೆ ತೋರುವ ಕರುಣೆಗೆ ಒಂದು, ಅದೂ ಬೆಲೆ ಸೊನ್ನೆ ಎಂಬ ಕಾರಣಕ್ಕೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿದ ಈ ತಂತ್ರಾಂಶ 2004ರಲ್ಲಿ ಮುಕ್ತವಾಯಿತು. ಇಳಿಸಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. ಇಳಿಸಿಕೊಂಡ ಮೇಲೆ ಏನು ಮಾಡಬೇಕು ಎಂದು ಹೇಳುವವರೂ ಇಲ್ಲ. ತೆರೆದರೆ ಕಿಟಕಿಯಿಲ್ಲ, ಗುಂಡಿಯಿಲ್ಲ. ಬರೀ ಅಕ್ಷರಗಳ ಕಡತಗಳು. ನೀರಿನ ಸಾಂದ್ರತೆ ಒಂದು ಕಡತದಲ್ಲಿ, ವೇಗ ಇನ್ನೊಂದರಲ್ಲಿ, ಮೆಶ್ (ನೀರನ್ನು ಲೆಕ್ಕಕ್ಕಾಗಿ ಕೋಶಗಳಾಗಿ ಕತ್ತರಿಸುವ ಬಲೆ) ಎಷ್ಟು ಸಣ್ಣದಿರಬೇಕೆಂಬುದು ಮತ್ತೊಂದರಲ್ಲಿ. ಒಂದು ಅರ್ಧವಿರಾಮ ಬಿಟ್ಟರೂ ಓಡುವುದಿಲ್ಲ. ಮೊದಲ ತಿಂಗಳು ನಾನು ಮಾಡಿದ್ದು ಅರ್ಧವಿರಾಮ ಹುಡುಕುವ ಕೆಲಸ.

ಒಳ್ಳೆಯದೊಂದಿದೆ. ತಂತ್ರಾಂಶದ ಜೊತೆಯಲ್ಲೇ ಅಭ್ಯಾಸಕ್ಕೆಂದು ಒಂದು ಕಂಟೇನರ್ ಹಡಗಿನ ಮಾದರಿ ಬರುತ್ತದೆ. ಜರ್ಮನಿಯ ಡುಯಿಸ್‌ಬರ್ಗ್‌ನಲ್ಲಿ ಪರೀಕ್ಷೆಗೆಂದೇ ರೂಪಿಸಿದ ಒಡಲು ಅದು. ಆ ಕಡತಗಳನ್ನು ನಕಲು ಮಾಡಿ, ಹಡಗಿನ ಜಾಗದಲ್ಲಿ ನಮ್ಮ ದೋಣಿಯನ್ನಿಟ್ಟರೆ ಕೆಲಸ ಶುರುವಾಗುತ್ತದೆ. ನಾನೂ ಹಾಗೆಯೇ ಮಾಡಿದೆ. ಎಡವಿದ್ದೂ ಅಲ್ಲಿಯೇ.

ಮೊದಲ ಕೆಲಸ ಮಲ್ಪೆ ಕಡೆಯ ಒಬ್ಬ ಹಿರಿಯರದು. ಮೀನುಗಾರಿಕೆ ದೋಣಿ. ರಾತ್ರಿಯಿಡೀ ಓಡಿಸಿ, ಬೆಳಗ್ಗೆ ಬಂದ ಅಂಕಿಯನ್ನು ನೀಟಾಗಿ ಟೈಪು ಮಾಡಿ ಕಳುಹಿಸಿದೆ. ಸಂಜೆ ಫೋನ್ ಬಂತು. "ಇಂಜಿನಿಯರೇ, ನಿಮ್ಮ ಲೆಕ್ಕ ಸರಿ ಎಂದಾದರೆ ನಾವು ಇಷ್ಟು ವರ್ಷ ಅರ್ಧ ಡೀಸೆಲ್ ಸಮುದ್ರಕ್ಕೆ ಸುರಿದ ಹಾಗಾಯಿತು." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮತ್ತೆ ಕಡತ ತೆರೆದು ನೋಡಿದೆ. ಹಡಗಿನ ಎಡ ಬಲ ಒಂದೇ ರೀತಿ ಇರುವುದರಿಂದ, ಸಮಯ ಉಳಿಸಲು ಅಭ್ಯಾಸದ ಮಾದರಿಯಲ್ಲಿ ಅರ್ಧ ಒಡಲನ್ನು ಮಾತ್ರ ಇಟ್ಟಿರುತ್ತಾರೆ. ನಡುವೆ ಕನ್ನಡಿಯಿಟ್ಟಂತೆ ಒಂದು ಗೋಡೆ. ಬರುವ ಬಲವೂ ಅರ್ಧವೇ. ಎರಡರಿಂದ ಗುಣಿಸುವುದು ನಮ್ಮ ಕೆಲಸ. ನಾನು ಗುಣಿಸಿರಲಿಲ್ಲ. ತಂತ್ರಾಂಶ ತಪ್ಪು ಮಾಡಿರಲಿಲ್ಲ, ಕೇಳಿದ್ದನ್ನು ಎಂಟು ದಶಮಾಂಶಗಳವರೆಗೆ ಶ್ರದ್ಧೆಯಿಂದ ಕೊಟ್ಟಿತ್ತು. ಓಪನ್‌ಫೋಮ್‌ನ ಸ್ವಭಾವವೇ ಅಷ್ಟು. ಏನು ಕೊಟ್ಟರೂ ಅದು ಒಂದು ಅಂಕಿ ಹೇಳುತ್ತದೆ, ಮುಖದಲ್ಲಿ ಸಂಶಯದ ಗೆರೆಯೂ ಇರುವುದಿಲ್ಲ.

ಆ ಫೋನಿನ ನಂತರ ಒಂದು ನಿಯಮ ಮಾಡಿಕೊಂಡೆ: ಉತ್ತರ ಗೊತ್ತಿರುವ ಹಡಗನ್ನು ಮೊದಲು ಓಡಿಸದೆ, ಗೊತ್ತಿಲ್ಲದ ದೋಣಿಗೆ ಕೈ ಹಾಕಬಾರದು. ಉತ್ತರ ಗೊತ್ತಿರುವ ಹಡಗುಗಳು ಪುಣ್ಯಕ್ಕೆ ಕೆಲವಿವೆ. ಕೊರಿಯಾದವರು ರೂಪಿಸಿದ ಕೆಸಿಎಸ್ ಎಂಬ ಕಂಟೇನರ್ ಹಡಗು ಅವುಗಳಲ್ಲೊಂದು. ನಿಜವಾದ ಅಳತೆಯಲ್ಲಿ 230 ಮೀಟರ್ ಉದ್ದ, ಅಂಥ ಹಡಗನ್ನು ಯಾರೂ ಕಟ್ಟಲಿಲ್ಲ. 31.6ರಲ್ಲಿ ಒಂದು ಪಾಲಿನ ಮಾದರಿ ಮಾಡಿ ಉದ್ದನೆಯ ನೀರಿನ ತೊಟ್ಟಿಯಲ್ಲಿ ಎಳೆದು ಅಳೆದಿದ್ದಾರೆ. ಫ್ರೂಡ್ ಸಂಖ್ಯೆ (ಹಡಗಿನ ಉದ್ದಕ್ಕೆ ಹೋಲಿಸಿ ಹೇಳುವ ವೇಗ) 0.26ರಲ್ಲಿ ತಡೆಯ ಗುಣಾಂಕ ಸಾವಿರಕ್ಕೆ 3.56. ಹೀಗೆ ಮಾದರಿ ಎಳೆದು ಅಳೆಯುವ ಪದ್ಧತಿ ಹೊಸದೇನಲ್ಲ. ವಿಲಿಯಂ ಫ್ರೂಡ್ ಇಂಗ್ಲೆಂಡಿನ ಟಾರ್ಕಿಯಲ್ಲಿ ತನ್ನ ತೊಟ್ಟಿಯನ್ನು 1872ರ ಹೊತ್ತಿಗೇ ನಡೆಸುತ್ತಿದ್ದ. ನಮ್ಮ ದೇಶದಲ್ಲೂ ಮದ್ರಾಸ್ ಮತ್ತು ಖರಗ್‌ಪುರದ ಐಐಟಿಗಳಲ್ಲಿ, ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದಲ್ಲಿ ತೊಟ್ಟಿಗಳಿವೆ. ಹದಿನಾಲ್ಕು ಮೀಟರಿನ ದೋಣಿ ಕಟ್ಟುವವನು ಅಲ್ಲಿಗೆ ಹೋಗುವುದಿಲ್ಲ, ಅಷ್ಟೇ.

ಕೆಸಿಎಸ್ ಮೊದಲ ಸಲ ಓಡಿಸಿದಾಗ ನನ್ನ ಉತ್ತರ ಶೇಕಡಾ 6ರಷ್ಟು ಹೆಚ್ಚು ಬಂತು. ನೀರಿನ ಮೇಲ್ಮೈ ಹತ್ತಿರ ಮೆಶ್ ದಪ್ಪವಾಗಿತ್ತು; ಅಲೆಗಳು ಹಿಂಭಾಗ ತಲುಪುವ ಹೊತ್ತಿಗೆ ಇಸ್ತ್ರಿ ಹಾಕಿದಂತೆ ಮಟ್ಟಸವಾಗುತ್ತಿದ್ದವು. ಅಲ್ಲಿ ಕೋಶಗಳನ್ನು ಸಣ್ಣದು ಮಾಡಿ, ಒಡಲಿಗೆ ಅಂಟಿದ ಪದರಗಳ ದಪ್ಪ ತಿದ್ದಿ, ಮೂರು ವಾರ ಒದ್ದಾಡಿದ ಮೇಲೆ ಶೇಕಡಾ 2ರೊಳಗೆ ಬಂತು. ಅರ್ಧ ಒಡಲಿಗೆ ಹದಿನಾಲ್ಕು ಲಕ್ಷ ಕೋಶಗಳು. ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ 16 ಕೋರ್‌ಗಳ ಯಂತ್ರದಲ್ಲಿ ಹದಿನಾಲ್ಕು ಗಂಟೆ, ಸುಮಾರು ಐದು ಯುನಿಟ್ ಕರೆಂಟ್. ಬಳ್ಳಾರಿಯ ಏಪ್ರಿಲ್‌ನಲ್ಲಿ ಆ ಕೋಣೆಗೆ ಕಾಲಿಡಲಾಗುವುದಿಲ್ಲ. "ಇಷ್ಟು ಹೊತ್ತು ಏನು ಬೇಯಿಸುತ್ತಿದ್ದೀಯೋ ಆ ಡಬ್ಬಿಯಲ್ಲಿ?" ಎಂದು ಅವ್ವ ಮೆಟ್ಟಿಲ ಬುಡದಿಂದಲೇ ಕೇಳುತ್ತಾರೆ. ಈಗ ಬೇಸಿಗೆಯ ಕೆಲಸವೆಲ್ಲ ರಾತ್ರಿ ಹತ್ತರ ಮೇಲೆಯೇ.

ಕರೆಂಟಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಲೆಕ್ಕದ ಎಷ್ಟು ಹೆಜ್ಜೆಗೊಮ್ಮೆ ಫಲಿತಾಂಶ ಡಿಸ್ಕ್‌ಗೆ ಬರೆಯಬೇಕು ಎಂಬುದನ್ನು ನಾವೇ ಹೇಳಬೇಕು. ಜಾಗ ಉಳಿಸಲು ನಾನು ಎರಡು ಸಾವಿರಕ್ಕೊಮ್ಮೆ ಎಂದು ಬರೆದಿದ್ದೆ. 1,900ನೇ ಹೆಜ್ಜೆಯಲ್ಲಿ ದೀಪ ಆರಿತು. ಈಗ ಇನ್ನೂರಕ್ಕೊಮ್ಮೆ ಬರೆಸಿ, ಕೊನೆಯ ಎರಡನ್ನು ಮಾತ್ರ ಉಳಿಸಿಕೊಳ್ಳುವಂತೆ ಹೇಳಿದ್ದೇನೆ. ಕೊನೆಯದರಿಂದ ಮತ್ತೆ ಆರಂಭಿಸುವುದಕ್ಕೆ ಒಂದು ಸಾಲು ಬದಲಿಸಿದರೆ ಸಾಕು. ಈ ವಿಷಯದಲ್ಲಿ ದೂರಿಲ್ಲ.

ತಡೆಯ ಲೆಕ್ಕದಲ್ಲಿ ಓಪನ್‌ಫೋಮ್ ನಿಜಕ್ಕೂ ಹಣ ಉಳಿಸಿಕೊಟ್ಟ ಪ್ರಸಂಗ ಒಂದು ಪ್ರಯಾಣಿಕರ ದೋಣಿಯದು. ಮಲ್ಪೆಯ ಅದೇ ಹಿರಿಯರು (ಹೌದು, ಮತ್ತೆ ಬಂದರು) ಒಂದು ಅಳಿವೆಯಲ್ಲಿ ಓಡಿಸಲೆಂದು ಕಟ್ಟುತ್ತಿದ್ದರು. ನೀರಿನ ಮಟ್ಟದಲ್ಲಿ 14 ಮೀಟರ್ ಉದ್ದ, ಹನ್ನೆರಡು ಟನ್ ತೂಕ. ಮಾಲೀಕರಿಗೆ 8 ನಾಟ್ ಬದಲು 10 ನಾಟ್ ಬೇಕಾಗಿತ್ತು. ಕಾಲು ಭಾಗ ವೇಗ ಹೆಚ್ಚಿದರೆ ಏನಾದೀತು ಎಂಬ ಲೆಕ್ಕ ಅವರದು. ಫ್ರೂಡ್ ಸಂಖ್ಯೆ ಹಾಕಿ ನೋಡಿದರೆ 0.35ರಿಂದ 0.44ಕ್ಕೆ ಏರುತ್ತದೆ. ಅಂದರೆ ದೋಣಿ ಎಬ್ಬಿಸುವ ಅಲೆ ದೋಣಿಗಿಂತ ಉದ್ದವಾಗಿ, ದೋಣಿ ತನ್ನದೇ ಅಲೆಯ ದಿಬ್ಬ ಹತ್ತಲು ಹೆಣಗುವ ಜಾಗ ಅದು. ಹೋಲ್ಟ್ರಾಪ್ ಮತ್ತು ಮೆನ್ನೆನ್ 1982ರಲ್ಲಿ ಪ್ರಕಟಿಸಿದ ಸೂತ್ರಗಳ ಒಂದು ಎಕ್ಸೆಲ್ ಹಾಳೆ ನನ್ನಲ್ಲಿದೆ. ದೊಡ್ಡ ಹಡಗಿಗೆ ಐದು ನಿಮಿಷದಲ್ಲಿ ಒಳ್ಳೆಯ ಅಂದಾಜು ಕೊಡುತ್ತದೆ, ಆದರೆ ಇಷ್ಟು ಸಣ್ಣ ದೋಣಿಗೆ ಈ ವೇಗದಲ್ಲಿ ಅದನ್ನು ನಂಬಲು ಧೈರ್ಯ ಸಾಲಲಿಲ್ಲ.

8 ನಾಟ್‌ಗೆ 2.1 ಕಿಲೋನ್ಯೂಟನ್ ಬಂತು. 10ಕ್ಕೆ, ದೋಣಿಯನ್ನು ಮೊಳೆ ಹೊಡೆದಂತೆ ಅಲುಗದೆ ಇಟ್ಟಾಗ 4.6. ಅಲ್ಲಿಗೇ ನಿಲ್ಲಿಸಿದ್ದರೆ ಮತ್ತೊಂದು ತಪ್ಪು ವರದಿ ಹೋಗುತ್ತಿತ್ತು. ಈ ವೇಗದಲ್ಲಿ ದೋಣಿಯ ಹಿಂಭಾಗ ಕುಸಿದು ಮೂತಿ ಏಳುತ್ತದೆ, ಅದಕ್ಕೆ ಅವಕಾಶ ಕೊಡಬೇಕು. ಕೊಟ್ಟೆ. ಮೊದಲ ಸಲ ದೋಣಿ ಒಂದೇ ನೆಗೆತಕ್ಕೆ ನೀರು ಬಿಟ್ಟು ಆಕಾಶಕ್ಕೆ ಹಾರಿತು. ಲೆಕ್ಕ ಶುರುವಾದಾಗಿನ ಹೊಡೆತವನ್ನು ತಗ್ಗಿಸಿರಲಿಲ್ಲ. ಅದನ್ನು ತಿದ್ದಿ, ಮೊದಲು ಕಟ್ಟಿಹಾಕಿ ಓಡಿಸಿ, ಆಮೇಲೆ ಮೆಲ್ಲಗೆ ಬಿಟ್ಟಾಗ 5.2ಕ್ಕೆ ನಿಂತಿತು. ಕಾಲು ಭಾಗ ವೇಗಕ್ಕೆ ಎರಡೂವರೆ ಪಟ್ಟು ತಡೆ, ಮೂರು ಪಟ್ಟು ಶಕ್ತಿ. ಹಿಂಭಾಗದ ತಳವನ್ನು ಸ್ವಲ್ಪ ಅಗಲಿಸಿ ಮತ್ತೆರಡು ಆಕಾರ ಪರೀಕ್ಷಿಸಿದೆವು, ಒಂದರಲ್ಲಿ ಶೇಕಡಾ 9 ಇಳಿಯಿತು. ಕಟ್ಟುವವರು ಅದನ್ನೇ ಆರಿಸಿಕೊಂಡರು. ಈ ಬಗೆಯ ಹೋಲಿಕೆ, ಇದಕ್ಕಿಂತ ಅದು ಎಷ್ಟು ಮೇಲು ಎಂಬುದು, ಓಪನ್‌ಫೋಮ್‌ನ ಗಟ್ಟಿ ಜಾಗ. ಎರಡು ಆಕಾರಕ್ಕೂ ಒಂದೇ ಮೆಶ್ ಪದ್ಧತಿ ಇಟ್ಟರೆ ತಪ್ಪುಗಳೂ ಹೆಚ್ಚುಕಡಿಮೆ ಒಂದೇ ಇರುತ್ತವೆ, ಕಳೆದಾಗ ಹೊರಟುಹೋಗುತ್ತವೆ.

ಇನ್ನೊಂದು ಮೋಸದ ಜಾಗ ತೋರಿಸದೆ ಮುಂದೆ ಹೋಗಲಾರೆ. ಫಲಿತಾಂಶವನ್ನು ಪ್ಯಾರಾವ್ಯೂ ಎಂಬ ತಂತ್ರಾಂಶದಲ್ಲಿ ನೋಡುತ್ತೇವೆ: ನೀರು ಕೆಂಪು, ಗಾಳಿ ನೀಲಿ. ಒಮ್ಮೆ ವೇಗದ ದೋಣಿಯೊಂದರ ತಳವನ್ನು ಕೆಳಗಿನಿಂದ ತಿರುಗಿಸಿ ನೋಡಿದರೆ, ಅಚ್ಚ ಕೆಂಪಿರಬೇಕಾದ ಕಡೆ ಮಾಸಲು ಬಿಳಿಯ ಪಟ್ಟೆಗಳು. ಮೂತಿಯ ಹತ್ತಿರ ನೀರಿನೊಂದಿಗೆ ಕಲಸಿಹೋದ ಗಾಳಿ ತಳದುದ್ದಕ್ಕೂ ಹರಡಿತ್ತು. ನಿಜವಾದ ನದಿಯಲ್ಲಿ ಹಾಗಾಗುವುದಿಲ್ಲ, ಲೆಕ್ಕದ ಕೊಳೆ ಅದು. ಗಾಳಿಯಿದ್ದ ಕಡೆ ಉಜ್ಜಾಟ ಕಡಿಮೆ, ಹಾಗಾಗಿ ತಡೆ ಚೆನ್ನಾಗಿ ಕಡಿಮೆ ಬಂದಿತ್ತು. ಅಂಕಿ ಮಾತ್ರ ನೋಡಿದ್ದರೆ ಖುಷಿಪಟ್ಟು ಕಳುಹಿಸಿಬಿಡುತ್ತಿದ್ದೆ. ಗ್ರಾಫ್ ನೋಡುವ ಮೊದಲು ತಳ ನೋಡಿ.

ಪ್ರೊಪೆಲರ್ ವಿಷಯಕ್ಕೆ ಮೂರೇ ಅಂಕ ಏಕೆ? ಬರೀ ಪ್ರೊಪೆಲರನ್ನು ತೆರೆದ ನೀರಿನಲ್ಲಿ ತಿರುಗಿಸುವುದು ಕಷ್ಟವಲ್ಲ. ವಾಗೆನಿಂಗನ್ ಬಿ ಸರಣಿಯ ಪ್ರೊಪೆಲರ್‌ಗಳ ಅಳತೆಗಳೆಲ್ಲ ಮುಕ್ತವಾಗಿವೆ. ನೂಕುಬಲದ ಗುಣಾಂಕ ನನ್ನಲ್ಲಿ ಶೇಕಡಾ 3ರೊಳಗೆ ಹೊಂದಿತು, ತಿರುಚುಬಲ ಮಾತ್ರ ಪ್ರತಿ ಸಲವೂ ತುಸು ಹೆಚ್ಚೇ ಬರುತ್ತದೆ. ಅಲಗಿನ ಅಂಚು ಕೂದಲಿನಷ್ಟು ತೆಳು. ಮೆಶ್ ಅಲ್ಲಿ ಇಲಿ ಕಡಿದ ರೊಟ್ಟಿಯಂತಾಗುತ್ತದೆ. ಅದನ್ನು ನಯ ಮಾಡಲು ಕೂತರೆ ದಿನವೆಲ್ಲ ಅಲ್ಲಿಯೇ.

ಕಷ್ಟ ಶುರುವಾಗುವುದು ಪ್ರೊಪೆಲರನ್ನು ದೋಣಿಯ ಹಿಂದೆ ಇಟ್ಟಾಗ. ಸಂಡೂರಿನ ರಸ್ತೆಯಲ್ಲಿ ಅದಿರು ಲಾರಿ ಹೋದಾಗ ನೋಡಿ: ಹಿಂದೆ ಎದ್ದ ಕೆಂಪು ಧೂಳು ನಿಂತಲ್ಲಿ ನಿಲ್ಲುವುದಿಲ್ಲ, ಸ್ವಲ್ಪ ದೂರ ಲಾರಿಯ ಜೊತೆಗೇ ಓಡುತ್ತದೆ. ದೋಣಿಯ ಹಿಂದೆ ನೀರೂ ಹಾಗೆಯೇ ಓಡುತ್ತದೆ. ಇದನ್ನೇ ವೇಕ್ ಎನ್ನುತ್ತಾರೆ. ದೋಣಿ 10 ನಾಟ್‌ನಲ್ಲಿ ಹೋದರೂ ಪ್ರೊಪೆಲರ್‌ಗೆ ಎದುರಾಗುವ ನೀರು ಅಷ್ಟು ವೇಗದ್ದಲ್ಲ. ಎಷ್ಟು ಕಡಿಮೆ ಎಂಬುದರ ಮೇಲೆ ಪಿಚ್, ಅಂದರೆ ಪ್ರೊಪೆಲರ್ ಒಂದು ಸುತ್ತಿಗೆ ಎಷ್ಟು ಮುಂದೆ ಸಾಗಬೇಕೆಂಬ ಅಳತೆ, ನಿರ್ಧಾರವಾಗಬೇಕು. ನಿಜವಾಗಿ ತಿರುಗುವ ಪ್ರೊಪೆಲರನ್ನೇ ಇಟ್ಟರೆ ಒಂದೊಂದು ಹೆಜ್ಜೆಗೆ ಒಂದು ಡಿಗ್ರಿಯಷ್ಟೇ ತಿರುಗಿಸಬೇಕು. ನನ್ನ ಯಂತ್ರಕ್ಕೆ ಅದು ವಾರಗಳ ಕೆಲಸ. ಹಾಗಾಗಿ ಪ್ರೊಪೆಲರ್ ಜಾಗದಲ್ಲಿ ನೀರನ್ನು ಹಿಂದಕ್ಕೆ ನೂಕುವ ಒಂದು ತಟ್ಟೆಯನ್ನಿಟ್ಟು ಕೆಲಸ ಸಾಗಿಸುತ್ತೇನೆ. ಅಲಗಿನ ಮೇಲೆ ಗುಳ್ಳೆ ಏಳುವ ಪರೀಕ್ಷೆ ನನ್ನಿಂದಾಗದು ಎಂದು ಗಿರಾಕಿಗಳಿಗೆ ಮೊದಲೇ ಹೇಳುತ್ತೇನೆ.

ಆವೃತ್ತಿಗಳ ಬಗ್ಗೆ ಎರಡೇ ಮಾತು. ಓಪನ್‌ಫೋಮ್ ಎಂಬ ಒಂದೇ ಹೆಸರಿನಲ್ಲಿ ಎರಡು ಕವಲುಗಳಿವೆ. ಒಂದು 8, 9, 10 ಎಂದು ಎಣಿಸುತ್ತದೆ, ಇನ್ನೊಂದು ವರ್ಷ ತಿಂಗಳು ಸೇರಿಸಿ 2306, 2312 ಎಂದು ಬರೆಯುತ್ತದೆ. ಒಂದರ ಕಡತ ಇನ್ನೊಂದರಲ್ಲಿ ಓಡುವ ಖಾತರಿಯಿಲ್ಲ. ಮೊದಲ ಕವಲಿನಲ್ಲಿ 2023ರ 11ನೇ ಆವೃತ್ತಿಯಿಂದ ನೀರು ಗಾಳಿ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಭಾಗಕ್ಕಿದ್ದ ಇಂಟರ್‌ಫೋಮ್ ಎಂಬ ಹೆಸರೇ ಹೋಗಿ ಎಲ್ಲವೂ ಫೋಮ್‌ರನ್ ಅಡಿಯಲ್ಲಿ ಬಂತು. ಕೈಯಲ್ಲಿ ಕೆಲಸವಿರುವಾಗ ಹೊಸದಕ್ಕೆ ಹಾರಬೇಡಿ. ನಡುವೆ ಒಂದು ತಿಂಗಳು ಬ್ರೌಸರ್‌ನಲ್ಲೇ ಓಡುವ ಹಣದ ಸೇವೆಯೊಂದನ್ನೂ ಬಳಸಿ ನೋಡಿದೆ. ನೋಟ ಚೆಂದ, ಬಿಲ್ಲು ಡಾಲರಿನಲ್ಲಿ.

ಬಿಡುವಿನಲ್ಲಿ ಆನೆಗೊಂದಿಯ ಹರಿಗೋಲನ್ನೂ ಓಡಿಸಿ ನೋಡಿದ್ದುಂಟು. ಯಾವ ದಿಕ್ಕಿಗೆ ಎಳೆದರೂ ಒಂದೇ ತಡೆ. ಅರ್ಧ ಒಡಲಿಟ್ಟು ಎರಡರಿಂದ ಗುಣಿಸಲು ಅದಕ್ಕಿಂತ ಒಪ್ಪುವ ಆಕಾರ ಇನ್ನೊಂದಿಲ್ಲ.

ಅಳಿವೆಯ ದೋಣಿ ಕಳೆದ ವರ್ಷ ನೀರಿಗಿಳಿಯಿತು. ಹೋಗುತ್ತ ಬರುತ್ತ ಎರಡೂ ಕಡೆ ಜಿಪಿಎಸ್‌ನಲ್ಲಿ ಅಳೆದು ಸರಾಸರಿ ತೆಗೆದಾಗ 9.7 ನಾಟ್. ತಡೆಯ ಲೆಕ್ಕಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಆದರೆ ಇಂಜಿನ್ ನಿಮಿಷಕ್ಕೆ 2,400 ಸುತ್ತು ಮುಟ್ಟಬೇಕಿದ್ದಲ್ಲಿ 2,280ಕ್ಕೇ ಏದುಸಿರು ಬಿಟ್ಟು ಕಪ್ಪು ಹೊಗೆ ಕಾರುತ್ತಿತ್ತು. ನಾನು ಹೇಳಿದ್ದು 26 ಇಂಚು ವ್ಯಾಸ, 21 ಇಂಚು ಪಿಚ್. ಪಿಚ್ ಹೆಚ್ಚಾಗಿತ್ತು, ಅಂದರೆ ವೇಕನ್ನು ನಾನು ಕಡಿಮೆ ಹಿಡಿದಿದ್ದೆ. ಎಲ್ಲಿ ತಪ್ಪಿತು ಎಂದು ಎರಡು ದಿನ ಕಡತ ಕೆದಕಿದೆ, ಸಿಗಲಿಲ್ಲ. ಕೊನೆಗೆ ಹಿರಿಯರಿಗೇ ಫೋನ್ ಮಾಡಿ, ಪ್ರೊಪೆಲರ್ ಮುಂದಿರುವ ಮರದ ದಿಂಡಿನ ದಪ್ಪ ಅಳೆದು ಹೇಳಿ ಎಂದೆ. ನಕ್ಷೆಯಲ್ಲಿ 60 ಮಿಲಿಮೀಟರ್ ಇತ್ತು. ಟೇಪು ಹಿಡಿದು ನೋಡಿ ಅವರು 95 ಎಂದರು. ನಾಜೂಕಾಗಿ ಕಂಡಿತಂತೆ, ಕಟ್ಟುವಾಗ ದಪ್ಪ ಮಾಡಿದರಂತೆ.

"ನಕ್ಷೆಯಲ್ಲಿ ಹಾಗಿರಲಿಲ್ಲವಲ್ಲ ಸ್ವಾಮಿ" ಎಂದೆ.

"ನಿಮ್ಮ ಅರ್ಧ ಲೆಕ್ಕಕ್ಕೆ ಇದು ಸರಿಹೋಯಿತು, ಬಿಡಿ" ಎಂದು ನಕ್ಕರು. 20 ಇಂಚಿಗೆ ಇಳಿಸಿದ ಮೇಲೆ ಇಂಜಿನ್ 2,380 ಮುಟ್ಟಿತು. ಆ 95 ಮಿಲಿಮೀಟರ್ ಹಾಕಿ ನಾನೂ ಮತ್ತೆ ಓಡಿಸಿದೆ. ಪಿಚ್ 20.2 ಬಂತು.