ಮನೆಯ ಗ್ಯಾರೇಜಿಗೆ ಎಂಜಿಬಿಯೋ, ಟ್ರಯಂಫ್ ಸ್ಪಿಟ್‌ಫೈರೋ?

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ಸ್ವಂತ ಕೈಯಿಂದಲೇ ದುರಸ್ತಿ ಮಾಡಲು ಹೊರಟವರು ಹೆಚ್ಚಾಗಿ ಈ ಎರಡರ ನಡುವೆ ತೂಗಾಡುತ್ತಾರೆ. ಎರಡೂ 1962ರಲ್ಲಿ ಬಂದು 1980ರವರೆಗೆ ತಯಾರಾದವು.

ಎಂಜಿಬಿಗೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯನ್ನು ಹೊರುವ ಅಡಿಯ ಉಕ್ಕಿನ ಹಂದರ, ಇಲ್ಲ. ಬಾಡಿಯೇ ಭಾರ ಹೊರುವುದರಿಂದ, ಬಾಗಿಲ ಕೆಳಗಿನ ಸಿಲ್‌ಗಳಿಗೆ ತುಕ್ಕು ಹಿಡಿದರೆ ಕಾರಿನ ಬೆನ್ನೆಲುಬೇ ಸೋತಂತೆ. ಜಾಕ್ ಏರಿಸಿದಾಗ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ ಬೆಲೆಯನ್ನು ಮತ್ತೊಮ್ಮೆ ಚರ್ಚಿಸುವುದು ಒಳ್ಳೆಯದು. ಸಿಲ್ ಕತ್ತರಿಸುವ ಮೊದಲು ಬಾಗಿಲ ತೆರಪಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿಯನ್ನು ಬೆಸೆದು ಅಳತೆಯನ್ನು ಹಿಡಿದಿಡದಿದ್ದರೆ, ಬೆಸುಗೆಯೆಲ್ಲ ಮುಗಿದ ಮೇಲೆ ಬಾಗಿಲು ಮುಚ್ಚುವುದಿಲ್ಲ. ಆದರೆ 1798 ಸಿಸಿಯ ಎಂಜಿನ್ ಗಟ್ಟಿಮುಟ್ಟು; ಬಿಡಿಭಾಗಗಳಿಗೂ ಪರದಾಟವಿಲ್ಲ, ಪೂರ್ತಿ ಹೊಸ ಬಾಡಿಯೂ ತಯಾರಾಗುತ್ತದೆ.

ಸ್ಪಿಟ್‌ಫೈರ್‌ಗೆ ಪ್ರತ್ಯೇಕ ಚಾಸಿಯಿದೆ. ಬಾನೆಟ್ಟು ಮುಂದಿನ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ, ಟೈರಿನ ಮೇಲೆ ಕುಳಿತೇ ಎಂಜಿನ್ ಕೆಲಸ ಮಾಡಬಹುದು. ನಡು ನೋವಿನವರಿಗೆ ಇದು ಸಣ್ಣ ವರವಲ್ಲ. ಇದರ ದುರ್ಬಲ ಜಾಗ ಥ್ರಸ್ಟ್ ವಾಷರ್, ಅಂದರೆ ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಬಿಲ್ಲೆ. ಎಂಜಿನ್ ನಿಲ್ಲಿಸಿ ಒಬ್ಬರು ಕ್ಲಚ್ ತುಳಿಯುವಾಗ ಇನ್ನೊಬ್ಬರು ಆ ದಂಡದ ಮುಂದಿನ ತುದಿಯ ಪುಲ್ಲಿಯನ್ನು ಗಮನಿಸಬೇಕು. ಅದು ಕಣ್ಣಿಗೆ ಕಾಣುವಷ್ಟು ಮುಂದೆ ಸರಿದರೆ ಆ ಕಾರನ್ನು ಓಡಿಸಿಕೊಂಡು ಮನೆಗೆ ತರಬಾರದು.

ಬೆಸುಗೆ ಬಾರದವರಿಗೆ, ಬಾಡಿ ಚೆನ್ನಾಗಿರುವ ಸ್ಪಿಟ್‌ಫೈರನ್ನೇ ನಾನು ಸೂಚಿಸುತ್ತೇನೆ. ಬೆಸುಗೆ ಬಲ್ಲವರು, ಅದರಲ್ಲೂ ಎತ್ತರದ ಆಳುಗಳು, ಒಳಗೆ ಜಾಗ ಹೆಚ್ಚಿರುವ ಎಂಜಿಬಿಯನ್ನು ಆರಿಸಿಕೊಳ್ಳಲಿ.