ಫ್ಲಾರೆನ್ಸ್‌ನಲ್ಲಿ ಅಮ್ಮನ ಜೊತೆ: ಗುಮ್ಮಟ ಹತ್ತೋದಾ, ಮ್ಯೂಸಿಯಂ ನೋಡೋದಾ?

ವಯಸ್ಸಾದ ಅಪ್ಪ ಅಮ್ಮನನ್ನು ಇಟಲಿಯ ಫ್ಲಾರೆನ್ಸ್‌ಗೆ ಕರೆದುಕೊಂಡು ಹೋಗುವವರಿದ್ದರೆ, ಡುವೊಮೊ ಚರ್ಚಿನ ಗುಮ್ಮಟದ ಟಿಕೆಟ್ ತಗೊಳ್ಳಬೇಡಿ. ಚರ್ಚಿನ ಹಿಂಭಾಗದಲ್ಲೇ ಇರುವ ಡುವೊಮೊ ಮ್ಯೂಸಿಯಂಗೆ ಹೋಗಿ. ಎರಡನ್ನೂ ನೋಡಿ ಬಂದೇ ಹೇಳುತ್ತಿದ್ದೇನೆ.

ನಾನು ಎಡವಿದ್ದು ಟಿಕೆಟ್‌ನಲ್ಲಿ. ಒಂದು ಏಜೆಂಟ್ ವೆಬ್‌ಸೈಟಿನಲ್ಲಿ 'ಡುವೊಮೊ ಪ್ರವೇಶ' ಅಂತ ಇತ್ತು. ಚರ್ಚಿನ ಒಳಗೆ ಹೋಗಲು ಬೇಕೇನೋ ಅಂದುಕೊಂಡು ಎರಡು ತಗೊಂಡೆ. ಆಮೇಲೆ ಗೊತ್ತಾಯಿತು, ಚರ್ಚಿಗೆ ದುಡ್ಡೇ ಇಲ್ಲ, ಸಾಲಿನಲ್ಲಿ ನಿಂತರೆ ಸಾಕು. ನನ್ನ ಕೈಯಲ್ಲಿದ್ದದ್ದು ಗುಮ್ಮಟ ಹತ್ತುವ ಪಾಸ್. ಒಟ್ಟು 463 ಮೆಟ್ಟಿಲು, ಲಿಫ್ಟ್ ಇಲ್ಲ. ಅಮ್ಮನಿಗೆ ಎರಡೂ ಮಂಡಿ ನೋವು. ಹತ್ತುವ ಹೊತ್ತು ಮೊದಲೇ ಗೊತ್ತು ಮಾಡಿರುತ್ತಾರೆ, ಬದಲಾಯಿಸಲು ಆಗಲಿಲ್ಲ. ಏಜೆಂಟ್‌ಗೆ ಮೂರು ಸಲ ಬರೆದೆ. ದುಡ್ಡು ವಾಪಸ್ ಇಲ್ಲ ಅಂತ ಒಂದೇ ಸಾಲಿನ ಉತ್ತರ ಬಂತು. ಬಾಗಿಲ ಹತ್ತಿರ ಅಮ್ಮ ಒಳಗಿನ ಮೆಟ್ಟಿಲನ್ನೊಮ್ಮೆ ನೋಡಿ, "ನೀನು ಹೋಗ್ಬಾ ಕಣೋ, ನಾನು ಇಲ್ಲೇ ಕೂತಿರ್ತೀನಿ" ಅಂದರು. ಅವರನ್ನು ಹೊರಗೆ ಕೂರಿಸಿ ಹತ್ತುವುದು ನನಗೆ ತುಂಬಾ ಕಷ್ಟವಾಯಿತು.

ಗುಮ್ಮಟ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ 1420ರಲ್ಲಿ ಶುರು ಮಾಡಿ 1436ರಲ್ಲಿ ಮುಗಿಸಿದ್ದು. ಒಂದರೊಳಗೆ ಒಂದು, ಎರಡು ಗುಮ್ಮಟಗಳಿವೆ. ಅವೆರಡರ ನಡುವೆ ಹತ್ತುವಾಗ ಗೋಡೆ ನಮ್ಮ ಮೇಲೇ ಬಾಗಿ ಬರುತ್ತದೆ. ಓಣಿ ಇಕ್ಕಟ್ಟು, ಸುಸ್ತಾದರೆ ಪಕ್ಕಕ್ಕೆ ಸರಿಯಲೂ ಜಾಗ ಸಾಲದು.

ಪಕ್ಕದ ಗಂಟೆ ಗೋಪುರಕ್ಕೂ 414 ಮೆಟ್ಟಿಲು. ಅದನ್ನು ಬಿಟ್ಟೆವು.

ನಮ್ಮ ಪುಣ್ಯಕ್ಕೆ ಅದೇ ಪಾಸ್ ಮೂರು ದಿನ ನಡೆಯುತ್ತಿತ್ತು, ಮ್ಯೂಸಿಯಂ ಕೂಡ ಅದರಲ್ಲೇ ಸೇರಿತ್ತು. ಅಲ್ಲಿ ಲಿಫ್ಟ್ ಇದೆ, ಜನವೂ ಕಡಿಮೆ. ಚರ್ಚಿನ ಎದುರಿನ ಬ್ಯಾಪ್ಟಿಸ್ಟರಿಗೆ (ದೀಕ್ಷಾಸ್ನಾನದ ಕಟ್ಟಡ) ಶಿಲ್ಪಿ ಗಿಬೆರ್ಟಿ 27 ವರ್ಷ ಕೂತು ಮಾಡಿದ ಚಿನ್ನದ ಲೇಪದ ಬಾಗಿಲಿದೆಯಲ್ಲ, ಹೊರಗೆ ಜನ ಮುಗಿಬಿದ್ದು ಫೋಟೋ ತೆಗೆಯುವುದು ಅದರ ನಕಲು. ಅಸಲಿ ಇರುವುದು ಮ್ಯೂಸಿಯಂನಲ್ಲಿ. ಮೈಕೆಲಾಂಜೆಲೊ ಅರ್ಧಕ್ಕೆ ಬಿಟ್ಟ ಪಿಯೆತಾ, ಅಂದರೆ ಶಿಲುಬೆಯಿಂದ ಇಳಿಸಿದ ಏಸುವಿನ ಶಿಲ್ಪ ಕೂಡ ಇಲ್ಲೇ ಇದೆ. "ಒಂದು ಕಾಲೆಲ್ಲೋ?" ಅಂತ ಥಟ್ಟನೆ ಕೇಳಿದ್ದು ಅಮ್ಮ. ನಿಜ, ಏಸುವಿನ ಎಡಗಾಲೇ ಇಲ್ಲ. ನಾನು ಗಮನಿಸಿರಲಿಲ್ಲ.

ಅಮ್ಮ ಜಾಸ್ತಿ ಹೊತ್ತು ನಿಂತದ್ದು ಶಿಲ್ಪಿ ದೊನಾತೆಲ್ಲೊ ಮರದಲ್ಲಿ ಕೆತ್ತಿದ, ಏಸುವಿನ ಶಿಷ್ಯೆ ಮಗ್ದಲೇನಳ ಮುಂದೆ. ಬಡಕಲು ಮುದುಕಿ, ಉಪವಾಸದಿಂದ ಗುಳಿಬಿದ್ದ ಕೆನ್ನೆ, ಜೋಡಿಸಲು ಹೊರಟು ಇನ್ನೂ ಒಂದಕ್ಕೊಂದು ತಾಗದ ಎರಡು ಕೈ. ಮೈತುಂಬ ಕೂದಲು, ಅದರಲ್ಲಿ ಅಲ್ಲಲ್ಲಿ ಚಿನ್ನದ ಎಳೆ. "ನಮ್ಮ ಅಕ್ಕ ಮಹಾದೇವಿ ಹಾಗೇ ಕಣೋ, ಕೂದಲೇ ಬಟ್ಟೆ" ಅಂದರು. ಆ ಒಂದು ಮಾತಿಗೇ ಇಡೀ ಪ್ರಯಾಣದ ಖರ್ಚು ಸಂದಾಯವಾಯಿತು ಅನ್ನಿಸಿತು ನನಗೆ.

ಇನ್ನೊಮ್ಮೆ ಹೋದರೆ ಗುಮ್ಮಟ ಇಲ್ಲದ ಗಿಬೆರ್ಟಿ ಪಾಸ್ ತಗೊಳ್ಳುತ್ತೇನೆ. ನಾವು ಹೋದಾಗ ಅದಕ್ಕೆ ಅರ್ಧ ದುಡ್ಡು ಅಷ್ಟೇ. ಒಬ್ಬನೇ ಹೋದರೆ ಮಾತ್ರ ಗುಮ್ಮಟ.

ಮ್ಯೂಸಿಯಂನ ಮೇಲಿನ ಟೆರೇಸಿಗೂ ಹೋಗಿ. ಕೆಂಪು ಹೆಂಚಿನ ಗುಮ್ಮಟ ಅಲ್ಲಿಂದ ಕಣ್ಣೆದುರೇ ಇರುತ್ತದೆ. ತುದಿಯಲ್ಲಿ ಜನ ಇರುವೆಗಳ ಹಾಗೆ ಓಡಾಡುತ್ತಿದ್ದರು. ಅಮ್ಮ ನನ್ನ ಕೈ ಹಿಡಿದುಕೊಂಡು, "ಅಷ್ಟು ಮೇಲಕ್ಕೆ ಹೋಗಿದ್ಯಾ?" ಅಂತ ಕೇಳಿದರು.